ಓಲೆಯ ದುಡ್ಡಿನಲ್ಲಿ ಆಟದ ಪೆಟ್ಟಿಗೆ

ಮಕ್ಕಳೇ, ಈ ವಾರದ್ದು ನಿಮ್ಮ ಪಕ್ಷದ ವಿಷಯ. ಹಿರಿಯರೂ ಪುಟ ತಿರುಗಿಸಬೇಡಿ. ಆಟ ಮೊಮ್ಮಕ್ಕಳದಾದರೂ ದುಡ್ಡು ಬಹುಪಾಲು ನಿಮ್ಮ ಪಿಂಚಣಿಯಿಂದಲೇ ಹೊರಡುವುದು.

ರಜೆ ಹತ್ತಿರವಾದಂತೆ ಅಂಚೆಯಲ್ಲಿ ಒಂದೇ ಬಗೆಯ ಪ್ರಶ್ನೆ ಬರತೊಡಗುತ್ತದೆ. ‘ಮೊಮ್ಮಗ ಗೇಮಿಂಗ್ ಕಂಪ್ಯೂಟರ್ ಬೇಕೆಂದು ಹಟ ಹಿಡಿದಿದ್ದಾನೆ. ಇಪ್ಪತ್ತೈದು ಸಾವಿರಕ್ಕೂ ಸಿಗುತ್ತದಂತೆ, ಎರಡು ಲಕ್ಷಕ್ಕೂ ಇದೆಯಂತೆ. ಹೆಸರು ಒಂದೇ ಆದರೂ ಬೆಲೆಯಲ್ಲಿ ಇಷ್ಟು ಅಂತರ ಯಾಕೆ? ಎಷ್ಟು ಕೊಟ್ಟರೆ ಮೋಸವಾಗುವುದಿಲ್ಲ?’ ಇದಕ್ಕೆ ಒಂದು ಸಾಲಿನ ಉತ್ತರವಿಲ್ಲ. ಆದರೆ 2025ರ ಮೇ ತಿಂಗಳಲ್ಲಿ ನಮ್ಮ ಮನೆಯಲ್ಲೇ ಈ ವ್ಯವಹಾರ ನಡೆದಿದೆ. ಲೆಕ್ಕ ಬರೆದಿಟ್ಟ ಪುಸ್ತಕ ನನ್ನ ಬಳಿ ಇದೆ. ಅದನ್ನೇ ಬಿಡಿಸಿ ಹೇಳುತ್ತೇನೆ.

ಮೊದಲು ದುಡ್ಡಿನ ಮೂಲ. ಮೊಮ್ಮಗಳು ಆರನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವಳ ಅಜ್ಜಿ, ಅಂದರೆ ನನ್ನ ಮನೆಯಾಕೆ, ಅವಳ ಹೆಸರಿನಲ್ಲಿ ತಿಂಗಳಿಗೆ ಸಾವಿರ ರೂಪಾಯಿಯ ಆರ್‌ಡಿ ತೆರೆದಿದ್ದಳು. ನಾಲ್ಕು ವರ್ಷ, 48 ಕಂತು, ಒಂದೂ ತಪ್ಪಿಲ್ಲ. ಅವಧಿ ಮುಗಿದಾಗ ಬಡ್ಡಿ ಸೇರಿ ಕೈಗೆ ಬಂದದ್ದು 53,500 ರೂಪಾಯಿ. ಹತ್ತನೇ ತರಗತಿ ಪಾಸಾದ ಮೇಲೆ ಹುಡುಗಿಯ ಕಿವಿಗೆ ಒಂದು ಜೊತೆ ಓಲೆ ಮಾಡಿಸಬೇಕೆಂಬುದು ಆಕೆಯ ಆಸೆ. ಫಲಿತಾಂಶ ಬಂತು, ಓಲೆಯ ಮಾತೂ ಬಂತು. ಪುಟ್ಟಿ ಮೆಲ್ಲಗೆ, “ಅಜ್ಜಿ, ಓಲೆ ಬೇಡ. ಆ ದುಡ್ಡಲ್ಲಿ ಗೇಮಿಂಗ್ ಪಿಸಿ ಮಾಡ್ಕೊಳ್ಲಾ?” ಅಂದಳು.

ಮನೆಯಲ್ಲಿ ಎರಡು ದಿನ ಮಾತು ಕಡಿಮೆಯಾಯಿತು.

“ಓಲೆ ಆದ್ರೆ ಹತ್ತು ವರ್ಷ ಆದ್ಮೇಲೂ ಓಲೆನೇ. ಈ ಡಬ್ಬಕ್ಕೆ ಹತ್ತು ವರ್ಷ ಆದ್ಮೇಲೆ ಏನು ಬರುತ್ತೆ ಹೇಳ್ರಿ” ಎಂದು ಮನೆಯಾಕೆ ನನ್ನನ್ನೇ ಕೇಳಿದಳು. ಬ್ಯಾಂಕಿನಲ್ಲಿ ಇದ್ದವನು, ಸುಳ್ಳು ಹೇಳುವುದು ಹೇಗೆ? “ಗುಜರಿಯವನು ತೂಕಕ್ಕೆ ಹಾಕ್ಕೊತಾನೆ” ಅಂದೆ. ಆ ಏಪ್ರಿಲ್‌ನಲ್ಲಷ್ಟೇ ಹತ್ತು ಗ್ರಾಂ ಅಪರಂಜಿ ಚಿನ್ನ ಲಕ್ಷ ರೂಪಾಯಿ ಮುಟ್ಟಿತ್ತು. ಆಕೆಯ ವಾದದಲ್ಲಿ ಎಲ್ಲೂ ಬಿರುಕಿರಲಿಲ್ಲ. ಗೇಮಿಂಗ್ ಕಂಪ್ಯೂಟರ್ ಅನ್ನುವುದು ಖರ್ಚು, ಉಳಿತಾಯವಲ್ಲ. ಮಕ್ಕಳು ಇದನ್ನು ಒಪ್ಪಿಕೊಂಡೇ ಮಾತಿಗೆ ಕೂರಬೇಕು. ‘ಓದಿಗೆ ಉಪಯೋಗ ಆಗುತ್ತೆ’ ಎಂದು ಮುಂದಿಡುವ ಹುಡುಗರನ್ನು ಬಹಳ ನೋಡಿದ್ದೇನೆ. ಓದಿಗಾದರೆ ಇದರ ಅರ್ಧ ಬೆಲೆಯ ಕಂಪ್ಯೂಟರ್ ಧಾರಾಳ ಸಾಕು. ನಮ್ಮ ಪುಟ್ಟಿ ಆ ನೆಪ ಹೂಡಲಿಲ್ಲ. “ಆಟಕ್ಕೇ ಅಜ್ಜಿ” ಎಂದಳು. ಬಹುಶಃ ಅದಕ್ಕೇ ಮೂರನೆಯ ದಿನ ಒಪ್ಪಿಗೆ ಸಿಕ್ಕಿತು.

ಒಪ್ಪಿಗೆಯ ಜೊತೆ ಷರತ್ತುಗಳೂ ಬಂದವು. 53,500ರ ಮೇಲೆ ಒಂದು ರೂಪಾಯಿ ಇಲ್ಲ, ಅಪ್ಪನ ಮುಂದೆ ಕೈ ಚಾಚುವ ಹಾಗಿಲ್ಲ. ತಂದ ಮೇಲೆ ‘ಇನ್ನೊಂದು ಭಾಗ ಹಾಕಿದರೇನೇ ಓಡುವುದು’ ಎಂಬ ಕಥೆ ಬೇಡ. ಪೆಟ್ಟಿಗೆ ಹಜಾರದಲ್ಲೇ ಇರಬೇಕು. “ಲೆಕ್ಕ ನೋಡ್ಕೊಳ್ಳೋಕೆ ತಾತ ಜೊತೆಗಿರ್ಲಿ.” ಹೀಗೆ ಎಪ್ಪತ್ತೈದನೇ ವಯಸ್ಸಿನಲ್ಲಿ ನನಗೊಂದು ಹುದ್ದೆ ಸಿಕ್ಕಿತು.

ಹಳೆಯ ಕಾಲದಲ್ಲಿ ನಮ್ಮ ಶಾಖೆಗೆ ‘ಅಡ್ವಾನ್ಸ್ಡ್ ಲೆಡ್ಜರ್ ಪೋಸ್ಟಿಂಗ್ ಮೆಷಿನ್’ ಎಂಬ ಉದ್ದ ಹೆಸರಿನ ಯಂತ್ರ ಬಂದಾಗ ಅದರ ಮುಂದೆ ಮೊದಲು ಕೂತವರಲ್ಲಿ ನಾನೂ ಒಬ್ಬ. ಅಂದಿನಿಂದ ಬಂದ ಅಭ್ಯಾಸ ಒಂದಿದೆ. ಕೆಲಸ ಎಲ್ಲಿ ಓಡುತ್ತದೆ ಅನ್ನುವುದಕ್ಕಿಂತ ಎಲ್ಲಿ ನಿಂತುಕೊಳ್ಳುತ್ತದೆ ಎಂದು ನೋಡುತ್ತೇನೆ. ಕಂಪ್ಯೂಟರ್ ಭಾಗಗಳನ್ನು ಆರಿಸುವಾಗ ಇದೊಂದು ಅಭ್ಯಾಸ ಬಹಳ ದೂರ ನಡೆಸಿತು.

ಹಳೆಯ ಬ್ಯಾಂಕ್ ಶಾಖೆಯೊಂದನ್ನು ನೆನಪಿಸಿಕೊಳ್ಳಿ. ಕೌಂಟರಿನಲ್ಲಿ ಚುರುಕಾದ ಗುಮಾಸ್ತ ಇದ್ದಾನೆ. ಚೆಕ್ಕನ್ನು ನೋಡಿ, ಲೆಡ್ಜರಿನಲ್ಲಿ ಬರೆದು, ಅರೆಗಳಿಗೆಯಲ್ಲಿ ಮುಂದೆ ತಳ್ಳುತ್ತಾನೆ. ಆದರೆ ಕ್ಯಾಷಿಯರ್ ಒಬ್ಬನೇ, ಅವನೂ ನಿಧಾನಿ. ಜನ ಎಲ್ಲಿ ಸಾಲುಗಟ್ಟುತ್ತಾರೆ? ಕ್ಯಾಷಿಯರ್ ಮುಂದೆ. ಈಗ ಮ್ಯಾನೇಜರು ಗುಮಾಸ್ತನ ಜಾಗಕ್ಕೆ ಎರಡರಷ್ಟು ಚುರುಕಿನವನನ್ನು ತಂದು ಕೂರಿಸಿದರೆ ಸಾಲು ಕರಗುತ್ತದೆಯೇ? ಇನ್ನಷ್ಟು ಉದ್ದವಾಗುತ್ತದೆ, ಅಷ್ಟೆ. ದುಡ್ಡು ಹಾಕಬೇಕಾದದ್ದು ಸಾಲು ನಿಂತಿರುವ ಕಡೆ.

ಕಂಪ್ಯೂಟರಿನಲ್ಲಿ ಪ್ರೊಸೆಸರ್ ಎಂದರೆ ಆ ಗುಮಾಸ್ತ. ಚೆಂಡು ಎತ್ತ ಹೋಗಬೇಕು, ಎದುರಾಳಿಯ ಕಾರು ಯಾವ ತಿರುವಿನಲ್ಲಿದೆ ಎಂದು ತೀರ್ಮಾನಿಸುವವನು. ರ‍್ಯಾಮ್ ಎಂದರೆ ಅವನ ಮೇಜು. ಈಗ ಬೇಕಾದ ಕಡತಗಳನ್ನೆಲ್ಲ ಹರಡಿಕೊಳ್ಳುವ ಜಾಗ. ಎಸ್‌ಎಸ್‌ಡಿ ಹಿಂದುಗಡೆಯ ರೆಕಾರ್ಡ್ ರೂಮು. ಮದರ್‌ಬೋರ್ಡ್ ಎಲ್ಲರೂ ಕೂರುವ ಕಟ್ಟಡ. ಪವರ್ ಸಪ್ಲೈ, ಅಂಗಡಿಯವರ ಭಾಷೆಯಲ್ಲಿ ಎಸ್‌ಎಂಪಿಎಸ್, ಮನೆಯ 230 ವೋಲ್ಟ್ ಕರೆಂಟನ್ನು ಒಳಗಿನ ಭಾಗಗಳಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸಿ ಹಂಚುತ್ತದೆ. ಉಳಿದದ್ದು ಗ್ರಾಫಿಕ್ಸ್ ಕಾರ್ಡ್. ಆಟದಲ್ಲಿ ಸಾಲು ನಿಲ್ಲುವುದು ಹೆಚ್ಚಾಗಿ ಇದರ ಮುಂದೆ.

ಯಾಕೆ ಎಂದು ಪುಟ್ಟಿ ನನಗೆ ಲೆಕ್ಕ ಹಾಕಿಸಿದಳು. ನೀವೂ ಪೆನ್ಸಿಲ್ ತೆಗೆದುಕೊಳ್ಳಿ. ನಮ್ಮ ಮನೆಯ ಮಾನಿಟರ್ ಪರದೆಯಲ್ಲಿ ಅಡ್ಡಕ್ಕೆ 1,920 ಚುಕ್ಕಿ, ಉದ್ದಕ್ಕೆ 1,080 ಚುಕ್ಕಿ. ಗುಣಿಸಿದರೆ 20,73,600. ಆಟ ನಯವಾಗಿ ಕಾಣಬೇಕಾದರೆ ಚಿತ್ರ ಸೆಕೆಂಡಿಗೆ 60 ಸಲ ಬದಲಾಗಬೇಕು. ಅಂದರೆ ಸೆಕೆಂಡಿಗೆ 12,44,16,000 ಚುಕ್ಕಿಗಳ ಬಣ್ಣ ನಿರ್ಧಾರವಾಗಬೇಕು. ನೆರಳು, ನೀರಿನ ಹೊಳಪು, ಧೂಳು ಎಲ್ಲ ಸೇರಿ ಒಂದೊಂದು ಚುಕ್ಕಿಗೂ ಹಲವು ಲೆಕ್ಕ. ನಾವು ಕೊನೆಗೆ ಕೊಂಡ ಪ್ರೊಸೆಸರಿನಲ್ಲಿ ಕೋರ್‌ಗಳು ಆರು, ಅಂದರೆ ಆರು ಜಾಣ ಗುಮಾಸ್ತರು. ಗ್ರಾಫಿಕ್ಸ್ ಕಾರ್ಡಿನಲ್ಲಿ ಅಷ್ಟೇನೂ ಜಾಣರಲ್ಲದ, ಆದರೆ ಒಟ್ಟಿಗೆ ದುಡಿಯುವ 1,792 ಸಣ್ಣ ಲೆಕ್ಕಿಗರು. ಚುಕ್ಕಿಗಳ ಕೆಲಸ ಆಗುವುದು ಅವರಿಂದಲೇ.

ಹೀಗಾಗಿ ಕೊಳ್ಳಲು ಹೊರಟವರು ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಎರಡು ತುಂಡಿನದು: ಯಾವ ಆಟ, ಯಾವ ಪರದೆ? ಪರದೆ 1440 ದರ್ಜೆಯದಾದರೆ ಚುಕ್ಕಿಗಳು 36,86,400. 4ಕೆ ಆದರೆ 82,94,400, ನಮ್ಮದರ ನೇರ ನಾಲ್ಕರಷ್ಟು. ಕಾರ್ಡಿನ ಬೆಲೆಯೂ ಅದೇ ದಾರಿ ಹಿಡಿಯುತ್ತದೆ. ಇಪ್ಪತ್ತೈದು ಸಾವಿರಕ್ಕೂ ಎರಡು ಲಕ್ಷಕ್ಕೂ ಇರುವ ಅಂತರದ ದೊಡ್ಡ ಪಾಲು ಇಲ್ಲಿದೆ. ಪುಟ್ಟಿಯ ಪಟ್ಟಿಯಲ್ಲಿ ಮೂರು ಆಟಗಳಿದ್ದವು: ಮೈನ್‌ಕ್ರಾಫ್ಟ್, ಫೋರ್ಜಾ ಹೊರೈಜನ್ 5 ಎಂಬ ಕಾರಿನ ಆಟ, ಮತ್ತೆ ವ್ಯಾಲರೆಂಟ್. ಮೂರನೆಯದು ಸಾಧಾರಣ ಯಂತ್ರದಲ್ಲೂ ಓಡುವಂಥದ್ದು. ಮೊದಲನೆಯದಕ್ಕೆ ಚುರುಕು ಪ್ರೊಸೆಸರ್ ಇಷ್ಟ. ಕಾರಿನ ಆಟಕ್ಕೆ ಮಾತ್ರ ಒಳ್ಳೆಯ ಕಾರ್ಡ್ ಬೇಕು. ಮಾನಿಟರ್ ಅವಳಪ್ಪ ಮನೆಯಿಂದ ಕೆಲಸ ಮಾಡುತ್ತಿದ್ದ ಕಾಲದ್ದು ಇತ್ತು, ಕೀಬೋರ್ಡೂ ಇತ್ತು. ದುಡ್ಡೆಲ್ಲ ಪೆಟ್ಟಿಗೆಯ ಒಳಕ್ಕೇ ಹೋಗಬಹುದಾಗಿತ್ತು.

ಮೂರು ವಾರ ನಾವಿಬ್ಬರೂ ರೂಲ್ ಹಾಕಿದ ನೋಟ್‌ಬುಕ್ಕಿನಲ್ಲಿ ದರ ಬರೆದೆವು. ಅವಳು ವೀಡಿಯೊ ನೋಡಿ ಹೇಳುವುದು, ನಾನು ಕಂಬ ಎಳೆದು ಕೂಡುವುದು. ಜಗಳವಾದದ್ದು ಒಂದೇ ಸಂಗತಿಗೆ. ಅದು ಸಣ್ಣ ಜಗಳವಲ್ಲ.

ಎಎಂಡಿ ಕಂಪನಿಯ ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಎರಡು ತಲೆಮಾರು ಅಂಗಡಿಯಲ್ಲಿವೆ. ಹಳೆಯದು ಎಎಂ4, 2016ರದ್ದು. ಹೊಸದು ಎಎಂ5, 2022ರಲ್ಲಿ ಬಂದದ್ದು. ಹೊಸದಕ್ಕೆ ಡಿಡಿಆರ್5 ರ‍್ಯಾಮ್ ಮಾತ್ರ ಹಿಡಿಯುತ್ತದೆ, ಬೋರ್ಡೂ ತುಟ್ಟಿ. ಪುಟ್ಟಿಯ ವಾದ ಹೀಗಿತ್ತು: “ತಾತ, ಎಎಂ5 ತಗೊಳ್ಳೋಣ. ರೈಜನ್ 8600ಜಿ ಹಾಕಿದ್ರೆ ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರುತ್ತೆ. ಕಾರ್ಡು ಮುಂದಿನ ವರ್ಷ. ಆಮೇಲೆ ಎಷ್ಟು ಬೇಕಾದ್ರೂ ಬೆಳೆಸ್ಬಹುದು.” ಇದು ತಪ್ಪು ಮಾತಲ್ಲ. ಕಟ್ಟಡ ದೊಡ್ಡದು ಕಟ್ಟಿ, ಕೌಂಟರ್ ಆಮೇಲೆ ತೆರೆಯುವ ಯೋಜನೆ. ಕೈಯಲ್ಲಿ ಸಂಪಾದನೆ ಇರುವವರಿಗೆ ನಾನೂ ಅದನ್ನೇ ಹೇಳುತ್ತೇನೆ.

ಆದರೆ ಅವಳ ಅಜ್ಜಿಯ ಎರಡನೇ ಷರತ್ತು ನೆನಪಿದೆಯಲ್ಲ? ಮುಂದಿನ ವರ್ಷದ ಇಪ್ಪತ್ತು ಸಾವಿರ ಎಲ್ಲಿಂದ ಬರುತ್ತದೆ? ಆರ್‌ಡಿ ಮುಗಿದಿದೆ. ಇನ್ನೊಂದು ಲೆಕ್ಕವೂ ಇತ್ತು. ಮುಂದಿನ ವರ್ಷ ಅವಳು ದ್ವಿತೀಯ ಪಿಯುಸಿ. ಅದರ ಬೆನ್ನಿಗೇ ಸಿಇಟಿ. ಆಗ ಕಾರ್ಡ್ ಬಂದರೂ ಆಡುವ ಹೊತ್ತೆಲ್ಲಿ? ಆಟದ ವಯಸ್ಸು ಈ ಬೇಸಿಗೆಯದು. ಓಲೆ ಬಿಟ್ಟು ತಂದ ಪೆಟ್ಟಿಗೆಯಲ್ಲಿ ಕಾರಿನ ಆಟ ತಡವರಿಸಿದರೆ ಅಜ್ಜಿಯ ಮುಂದೆ ಮುಖ ತೋರಿಸುವುದು ಹೇಗೆ? ಹಳೆಯ ಎಎಂ4 ಕಟ್ಟಡ, ಅದರಲ್ಲಿ ರೈಜನ್ 5 5600 ಪ್ರೊಸೆಸರ್, ಜೊತೆಗೆ ಇವತ್ತೇ ಒಂದು ಪೂರ್ತಿ ಗ್ರಾಫಿಕ್ಸ್ ಕಾರ್ಡ್: ಇದು ನನ್ನ ಪಟ್ಟು. ಪುಟ್ಟಿ ಒಂದು ಸಂಜೆ ಮುನಿಸಿಕೊಂಡಳು. ರಾತ್ರಿ ಊಟಕ್ಕೆ ಕೂತಾಗ, “ಸರಿ ತಾತ. ಇವತ್ತು ಆಡೋಕೆ ಆಗೋದೇ ತಗೊಳ್ಳೋಣ” ಎಂದಳು. ಎಎಂ4ರಲ್ಲಿ ಬೆಳೆಯಲು ಜಾಗ ಪೂರಾ ಇಲ್ಲವೆಂದೇನಲ್ಲ. ಅದೇ ಬೋರ್ಡಿಗೆ ಮುಂದೆ ಇನ್ನೂ ಚುರುಕಾದ ಪ್ರೊಸೆಸರನ್ನು ಕೂರಿಸಬಹುದು.

ಎಸ್.ಪಿ. ರಸ್ತೆಗೆ ಹೊರಟದ್ದು ಒಂದು ಬುಧವಾರ. ಎಸ್.ಪಿ. ಎಂದರೆ ಪೊಲೀಸ್ ಸಾಹೇಬರಲ್ಲ ಮಕ್ಕಳೇ, ಸಾದರ ಪತ್ರಪ್ಪ. ಬೆಂಗಳೂರಿನ ಹಳೇ ಪೇಟೆಯಲ್ಲಿ ವೈರು, ಬಲ್ಬು, ರೆಸಿಸ್ಟರ್‌ನಿಂದ ಹಿಡಿದು ಕಂಪ್ಯೂಟರಿನ ಎಲ್ಲ ಅಂಗಾಂಗಗಳೂ ಸಿಗುವ ಬೀದಿ. ತುಮಕೂರಿನಿಂದ ರೈಲು, ಮೆಜೆಸ್ಟಿಕ್ಕಿನಿಂದ ಹಸಿರು ಮೆಟ್ರೊದಲ್ಲಿ ಒಂದೇ ನಿಲ್ದಾಣ, ಚಿಕ್ಕಪೇಟೆ. ಅಲ್ಲಿಂದ ನಡಿಗೆ. ರೈಲಿನ ಚಾರ್ಜು, ಕಾಫಿ ಎಲ್ಲ ತಾತನ ಖಾತೆಗೆ ಎಂದು ಮೊದಲೇ ಬರೆದಿಟ್ಟಿದ್ದೆವು.

ಮೊದಲ ಅಂಗಡಿಯಲ್ಲೇ ಒಬ್ಬ ಹುಡುಗ ಬಹಳ ಮರ್ಯಾದೆಯಿಂದ ಸ್ಟೂಲು ಹಾಕಿ ಕೂರಿಸಿದ. “ಯಜಮಾನ್ರೇ, ಐ-ಸೆವೆನ್, ಹದಿನಾರು ಜಿಬಿ, ನಾಲ್ಕು ಜಿಬಿ ಗ್ರಾಫಿಕ್ಸು, ಎಲ್ಲಾ ಸೇರಿ ಇಪ್ಪತ್ತಾರು ಸಾವಿರ. ಮೊಮ್ಮಗಳಿಗೆ ಖುಷಿಯೋ ಖುಷಿ” ಎಂದ. ಇಂಥ ಮಾತು ಹಿರಿಯರ ಕಿವಿಗೆ ಬಹಳ ಹಿತವಾಗಿರುತ್ತದೆ, ಅರ್ಧ ದುಡ್ಡು ಉಳಿಯಿತಲ್ಲ ಎಂದು. ಪುಟ್ಟಿ ಮಾತ್ರ, “ಯಾವ ಜನರೇಷನ್ ಅಣ್ಣ?” ಎಂದು ಕೇಳಿದಳು. ಹುಡುಗ ಆಚೆ ಈಚೆ ನೋಡಿ, “ಫೋರ್ತು” ಎಂದ.

ಇದನ್ನು ಸ್ವಲ್ಪ ಬಿಡಿಸುತ್ತೇನೆ, ಯಾಕೆಂದರೆ ಅಜ್ಜ-ಅಜ್ಜಿಯರ ದುಡ್ಡು ಹೋಗುವುದು ಹೆಚ್ಚಾಗಿ ಇಲ್ಲೇ. ಇಂಟೆಲ್ ಕಂಪನಿಯ ಐ3, ಐ5, ಐ7 ಎನ್ನುವುದು ದರ್ಜೆ. ಅದರ ಮುಂದಿನ ಅಂಕಿ ತಲೆಮಾರು. ಐ7-4770 ಎಂದರೆ ನಾಲ್ಕನೇ ತಲೆಮಾರು, 2013ರದ್ದು. ಐ3-12100 ಎಂದರೆ ಹನ್ನೆರಡನೇ ತಲೆಮಾರು, 2022ರದ್ದು. ಎರಡರಲ್ಲೂ ಗುಮಾಸ್ತರು ನಾಲ್ವರೇ. ಆದರೆ ‘ಕೆಳದರ್ಜೆ’ಯ ಹೊಸ ಐ3 ಆ ಹಳೆಯ ಐ7ನನ್ನು ಸುಲಭವಾಗಿ ಹಿಂದೆ ಹಾಕುತ್ತದೆ. 1985ರ ಚೀಫ್ ಮ್ಯಾನೇಜರ್ ಸಾಹೇಬರನ್ನು ಇವತ್ತಿನ ಕೌಂಟರಿನಲ್ಲಿ ಕೂರಿಸಿದ ಹಾಗೆ. ಹುದ್ದೆ ದೊಡ್ಡದು, ಕೆಲಸ ಸಾಗುವುದಿಲ್ಲ. ಸಾಲದ್ದಕ್ಕೆ ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ಒಪ್ಪುವುದು ಇಂಟೆಲ್‌ನ ಎಂಟನೇ ತಲೆಮಾರಿನಿಂದೀಚೆಗೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುವುದು ಆಗಲೇ ಗೊತ್ತಿತ್ತು.

‘ನಾಲ್ಕು ಜಿಬಿ ಗ್ರಾಫಿಕ್ಸ್’ ಎನ್ನುವುದೂ ಅದೇ ಜಾತಿಯ ಮಾತು. ಅದು ಜಿಟಿ 730 ಎಂಬ ಕಾರ್ಡು, 2014ರದ್ದು. ನಾಲ್ಕು ಜಿಬಿ ಎಂಬುದು ಕಾರ್ಡಿನ ಮೇಜಿನ ಅಳತೆ. ಮೇಜಿನ ಸುತ್ತ ಎಷ್ಟು ಜನ ಕೂತು ಕೆಲಸ ಮಾಡುತ್ತಾರೆ ಅನ್ನುವುದು ಬೇರೆ. ಆ ಕಾರ್ಡಿನಲ್ಲಿ ಲೆಕ್ಕಿಗರು ಹೆಚ್ಚೆಂದರೆ 384. ನಾವು ಬರೆದುಕೊಂಡು ಹೋಗಿದ್ದ ಆರ್‌ಎಕ್ಸ್ 6600ರಲ್ಲಿ ಮೊದಲೇ ಹೇಳಿದಂತೆ 1,792, ಮೇಜು 8 ಜಿಬಿ. ಕಂಪನಿ ಬೇರೆ, ಎಣಿಸುವ ರೀತಿ ಬೇರೆ, ಆದರೂ ಅಂತರ ಎಷ್ಟೆಂದು ಅಂದಾಜಿಗೆ ಸಿಗುತ್ತದೆ. ಹುಡುಗನಿಗೆ ಥ್ಯಾಂಕ್ಸ್ ಹೇಳಿ ಎದ್ದೆವು. ಅವನ ಮೇಲೆ ನನಗೇನೂ ಸಿಟ್ಟಿಲ್ಲ. ಅಂಥ ಪೆಟ್ಟಿಗೆ ಟ್ಯಾಲಿ ಲೆಕ್ಕ ಬರೆಯುವವರಿಗೆ ಇನ್ನೂ ನಾಲ್ಕು ದಿನ ದುಡಿಯುತ್ತದೆ. ಆಟಕ್ಕೆ ಎಂದು ಮಾರಬಾರದು, ಅಷ್ಟೆ.

ನಾಲ್ಕು ಅಂಗಡಿ ಸುತ್ತಿದ ಮೇಲೆ ಒಂದು ಕಡೆ ನಮ್ಮ ನೋಟ್‌ಬುಕ್ಕಿನ ದರಕ್ಕೆ ಹತ್ತಿರದ ದರ ಸಿಕ್ಕಿತು. ಅಲ್ಲಿಯೂ ಕೊನೆಯಲ್ಲಿ ಒಂದು ತಕರಾರು ಬಂತು. “ಸಾರ್, ಲೈಟ್ ಇರೋ ಈ ಕ್ಯಾಬಿನೆಟ್ ತಗೊಂಡ್ರೆ ಎಸ್‌ಎಂಪಿಎಸ್ ಜೊತೇಲೇ ಬರುತ್ತೆ, 500 ವ್ಯಾಟು. ಬೇರೆ ಯಾಕೆ 3,900 ಹಾಕ್ತೀರಾ?” ಕ್ಯಾಬಿನೆಟ್ ನಿಜಕ್ಕೂ ಚೆನ್ನಾಗಿತ್ತು. ಗಾಜಿನ ಬಾಗಿಲು, ಒಳಗೆ ಆರು ಬಣ್ಣದ ದೀಪ. ಪುಟ್ಟಿಯ ಕಣ್ಣು ಅಲ್ಲೇ ನೆಟ್ಟಿತ್ತು.

ನಾನು ಆ ಎಸ್‌ಎಂಪಿಎಸ್‌ನ ಪಕ್ಕೆಯ ಚೀಟಿ ಓದಿದೆ. ಇದನ್ನು ಓದಲು ಬಿಕಾಂ ಕೂಡ ಬೇಕಿಲ್ಲ, ಏಳನೇ ತರಗತಿಯ ಗುಣಾಕಾರ ಸಾಕು. ಪ್ರೊಸೆಸರ್ ಮತ್ತು ಕಾರ್ಡ್ ಎರಡೂ ಮುಖ್ಯವಾಗಿ ಉಣ್ಣುವುದು 12 ವೋಲ್ಟಿನ ಸಾಲಿನಿಂದ. ಚೀಟಿಯಲ್ಲಿ ‘+12ವಿ’ ಎಂಬ ಕಂಬದ ಕೆಳಗೆ ಆಂಪಿಯರ್ ಬರೆದಿರುತ್ತದೆ. ಅದರಲ್ಲಿ 18 ಇತ್ತು. 12 × 18 = 216 ವ್ಯಾಟ್. ದೊಡ್ಡ ಅಕ್ಷರದ 500 ಎಲ್ಲಿ ಹೋಯಿತು? ಹಣೆಯ ಮೇಲೆ ಬರೆದ ಮೊತ್ತ ಒಂದು, ಖಾತೆಯಲ್ಲಿರುವ ಬಾಕಿ ಇನ್ನೊಂದು. ನಮ್ಮ ಪ್ರೊಸೆಸರ್ ಒತ್ತಡದಲ್ಲಿ 76 ವ್ಯಾಟ್‌ವರೆಗೆ ಎಳೆಯುತ್ತದೆ, ಕಾರ್ಡು 132. ಕೂಡಿದರೆ 208. ಫ್ಯಾನು, ಡಿಸ್ಕು ಇತ್ಯಾದಿಗೆ 50 ಸೇರಿಸಿ, 258. ಅಂದರೆ ಖಾತೆಯಲ್ಲಿರುವುದಕ್ಕಿಂತ ದೊಡ್ಡ ಚೆಕ್ಕು. ಬ್ಯಾಂಕಿನಲ್ಲಾದರೆ ಚೆಕ್ಕು ವಾಪಸ್ ಬರುತ್ತದೆ, ಸ್ವಲ್ಪ ಮಾನ ಹೋಗುತ್ತದೆ. ಇಲ್ಲಿ ಅಗ್ಗದ ಎಸ್‌ಎಂಪಿಎಸ್ ಸುಟ್ಟುಕೊಂಡರೆ ಜೊತೆಗೆ ಬೋರ್ಡನ್ನೂ ಕಾರ್ಡನ್ನೂ ಕರೆದುಕೊಂಡು ಹೋಗಬಹುದು.

“ಪುಟ್ಟಿ, ದೀಪ ಬೇಕೋ, 42 ಆಂಪಿಯರ್ ಬೇಕೋ?” ಎಂದು ಕೇಳಿದೆ. ನಾವು ಬರೆದುಕೊಂಡಿದ್ದ 550 ವ್ಯಾಟಿನದರ ಚೀಟಿಯಲ್ಲಿ 42 ಇತ್ತು. 504 ವ್ಯಾಟ್, 80 ಪ್ಲಸ್ ಬ್ರಾಂಜ್ ಗುರುತು. ಅವಳು ಗಾಜಿನ ಬಾಗಿಲನ್ನು ಇನ್ನೊಮ್ಮೆ ನೋಡಿ, “ದೀಪಾವಳಿಗೆ ಸೀರಿಯಲ್ ಸೆಟ್ ಹಾಕ್ಕೊಳ್ಳೋಣ ಬಿಡು ತಾತ” ಎಂದಳು. ಅಂಗಡಿಯವರೂ ನಕ್ಕರು. ಮುಂಭಾಗದಲ್ಲಿ ಗಾಳಿಯಾಡುವ ಜಾಲರಿ ಇದ್ದ ಸಾದಾ ಕಪ್ಪು ಕ್ಯಾಬಿನೆಟ್ ಕೊಂಡೆವು. ಬೇಸಿಗೆಯಲ್ಲಿ ಗಾಜಿಗಿಂತ ಜಾಲರಿ ಲೇಸು.

ಬಿಲ್ ಹೀಗೆ. ಪ್ರೊಸೆಸರ್ 9,600. ಬಿ550 ದರ್ಜೆಯ ಮದರ್‌ಬೋರ್ಡ್ 7,700. ರ‍್ಯಾಮ್, 8 ಜಿಬಿಯ ಎರಡು ಪಟ್ಟಿ, 3,100. ಒಂದು ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ 4,700. ಗ್ರಾಫಿಕ್ಸ್ ಕಾರ್ಡ್ 20,200. ಎಸ್‌ಎಂಪಿಎಸ್ 3,900. ಕ್ಯಾಬಿನೆಟ್ 2,400. ಒಟ್ಟು 51,600. ಕಾರ್ಡಿನ ಪಾಲು ನೂರಕ್ಕೆ 39. ಇದರಲ್ಲಿ ಶೇ 18ರ ಜಿಎಸ್‌ಟಿ ಸುಮಾರು 7,870 ರೂಪಾಯಿ ಒಳಗೇ ಇದೆ. ‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ತೀವಿ’ ಎನ್ನುವವರು ಈ ಸೊನ್ನೆಗಳನ್ನೇ ತೋರಿಸುತ್ತಾರೆ. ನಾನು ಬಿಲ್ ಇಲ್ಲದೆ ಒಂದು ಸ್ಕ್ರೂ ಕೂಡ ಕೊಳ್ಳುವುದಿಲ್ಲ. ಬಿಲ್ಲಿನಲ್ಲಿ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಮೂರು ವರ್ಷದ ವಾರಂಟಿ ಎನ್ನುವುದು ಆ ನಂಬರಿಗೆ ಕೊಟ್ಟ ಮಾತು. ಡಬ್ಬವಿಲ್ಲದೆ ‘ಟ್ರೇ’ ಎಂದು ಮಾರುವ ಪ್ರೊಸೆಸರ್ ಸಾವಿರ ರೂಪಾಯಿ ಅಗ್ಗವಿರಬಹುದು; ಅದಕ್ಕೆ ತಯಾರಕರ ವಾರಂಟಿ ಉಂಟೋ ಎಂದು ಕೇಳಿ, ಉತ್ತರ ತಡವಾದರೆ ಮುಂದೆ ನಡೆಯಿರಿ.

ವಿಂಡೋಸ್ ಈ ಬಿಲ್ಲಿನಲ್ಲಿಲ್ಲ ಎಂದು ಗಮನಿಸಿದಿರಾ? ಅಂಗಡಿಯವರು “ಅದು ಫ್ರೀ ಸಾರ್, ನಾವೇ ಹಾಕ್ಕೊಡ್ತೀವಿ” ಎಂದರು. ಫ್ರೀ ಅಲ್ಲ ಅದು, ಕದ್ದದ್ದು. ಆಗಲೇ 1,900 ಮಾತ್ರ ಉಳಿದಿತ್ತು, ಅಸಲಿ ವಿಂಡೋಸ್ ಅದರಲ್ಲಿ ಬರುವುದಿಲ್ಲ. ಪುಟ್ಟಿ ಉಚಿತವಾಗಿ ಸಿಗುವ ಲಿನಕ್ಸ್ ಹಾಕುವುದೆಂದು ಮನೆಯಲ್ಲೇ ತೀರ್ಮಾನಿಸಿದ್ದಳು. ಸ್ಟೀಮ್ ಎಂಬ ಆಟದ ಅಂಗಡಿಯವರು 2018ರಲ್ಲಿ ಪ್ರೋಟಾನ್ ಎಂಬ ದುಭಾಷಿಯನ್ನು ತಂದ ಮೇಲೆ ವಿಂಡೋಸಿಗೆಂದು ಬರೆದ ಅನೇಕ ಆಟಗಳು ಲಿನಕ್ಸಿನಲ್ಲೂ ಓಡುತ್ತವೆ. ಕಾರಿನ ಆಟ ನಮ್ಮಲ್ಲಿ ಓಡುತ್ತಿದೆ, ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯೂ ಓಡುತ್ತದೆ. ವ್ಯಾಲರೆಂಟ್ ಓಡುವುದಿಲ್ಲ; ಅದರ ಕಾವಲುಗಾರ ತಂತ್ರಾಂಶಕ್ಕೆ ವಿಂಡೋಸೇ ಬೇಕು. ಪುಟ್ಟಿ ಮೂರರಲ್ಲಿ ಒಂದು ಬಿಟ್ಟಳು. ನಿಮ್ಮ ಮೊಮ್ಮಗನ ಪಟ್ಟಿಯಲ್ಲಿ ಅದೊಂದೇ ಆಟವಿದ್ದರೆ ವಿಂಡೋಸಿನ ದುಡ್ಡನ್ನು ಮೊದಲೇ ತೆಗೆದಿಡಿ. ಹಾಗಿದ್ದಾಗ ಇಷ್ಟು ದೊಡ್ಡ ಕಾರ್ಡೂ ಬೇಡ.

ಜೋಡಿಸಿದ್ದು ಮನೆಯ ಊಟದ ಮೇಜಿನ ಮೇಲೆ, ಪುಟ್ಟಿಯೇ. ನಾನು ಟಾರ್ಚ್ ಹಿಡಿದೆ. ಎಎಂ4 ಪ್ರೊಸೆಸರಿನ ಹೊಟ್ಟೆಯಡಿ ಕೂದಲಿನಂಥ ಸೂಜಿಗಳಿವೆ, ಮೂಲೆಯಲ್ಲಿ ಒಂದು ಸಣ್ಣ ತ್ರಿಕೋನ. ಅದನ್ನು ಸಾಕೆಟ್ಟಿನ ತ್ರಿಕೋನಕ್ಕೆ ಹೊಂದಿಸಿ ಇಟ್ಟರೆ ತಾನಾಗಿ ಇಳಿಯುತ್ತದೆ. ಒತ್ತಬಾರದು. ಮೈಯ ಸ್ಥಿರ ವಿದ್ಯುತ್ ಇಳಿಯಲು ಮೊದಲು ಲೋಹ ಮುಟ್ಟಬೇಕು. ಬೋರ್ಡಿನಲ್ಲಿ ರ‍್ಯಾಮಿಗೆ ನಾಲ್ಕು ಕಿಂಡಿ ಇದ್ದರೆ ಎರಡು ಪಟ್ಟಿಗಳು ಎರಡನೆಯ ಮತ್ತು ನಾಲ್ಕನೆಯ ಕಿಂಡಿಗೆ. ಎರಡು ಪಟ್ಟಿ ಯಾಕೆ, 16ರದ್ದು ಒಂದೇ ಸಾಲದೇ ಎಂದು ಕೇಳುವವರಿಗೆ: ಗುಮಾಸ್ತನಿಗೂ ಮೇಜಿಗೂ ನಡುವೆ ಒಂದು ದಾರಿಗಿಂತ ಎರಡು ದಾರಿ ಮೇಲು.

ದುಡ್ಡಿಲ್ಲದೆ ಸಿಗುವ ವೇಗವೂ ಕೆಲವಿದೆ. ಮಾನಿಟರಿನ ವೈರನ್ನು ಮದರ್‌ಬೋರ್ಡಿಗಲ್ಲ, ಗ್ರಾಫಿಕ್ಸ್ ಕಾರ್ಡಿಗೇ ಸಿಕ್ಕಿಸಬೇಕು. 3,200ರ ರ‍್ಯಾಮ್ ಹಾಕಿದರೂ ಅದು ಮೊದಲು 2,400ಕ್ಕೋ 2,666ಕ್ಕೋ ನಡೆಯುತ್ತಿರುತ್ತದೆ. ಬಯೋಸ್ ಎಂಬ ಒಳಮನೆಗೆ ಹೋಗಿ ಎಕ್ಸ್‌ಎಂಪಿ ಎಂಬ ಒಂದು ಸ್ವಿಚ್ ಒತ್ತಿದರೆ ಕೊಟ್ಟ ದುಡ್ಡಿನ ವೇಗ ಬರುತ್ತದೆ. ಎಷ್ಟೋ ಮನೆಗಳಲ್ಲಿ ಅದನ್ನು ಯಾರೂ ಒತ್ತಿಯೇ ಇರುವುದಿಲ್ಲ. ಹಿರಿಯರು ನೋಡಬೇಕಾದದ್ದು ಗೋಡೆಯ ಮೂರು ಪಿನ್ನಿನ ಸಾಕೆಟ್. ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನನ ಹತ್ತಿರ ಒಮ್ಮೆ ಪರೀಕ್ಷೆ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಎಂದರೆ ಅದು ಕಂಪ್ಯೂಟರಿನ ಕಾಯಿಲೆಯಲ್ಲ, ಮನೆಯದು.

ಉಳಿದ 1,900 ರೂಪಾಯಿಯಲ್ಲಿ ಮೌಸ್ ಬಂತು, ಸ್ಪೈಕ್ ಬಸ್ಟರ್ ಬಂತು. ಮಿಕ್ಕ 640ನ್ನು ಪುಟ್ಟಿ ಅಜ್ಜಿಯ ಕೈಗೇ ಕೊಟ್ಟಳು. ಆಕೆ ಎಣಿಸಿಯೇ ಇಟ್ಟುಕೊಂಡಳು.

ಈಗ ಇದೇ ಪಟ್ಟಿ ಹಿಡಿದು ಹೊರಡುವವರು ಒಂದು ಮಾತು ತಿಳಿದಿರಲಿ. 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ವಿಪರೀತ ಏರಿತು. ಎಐ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಗೋದಾಮುಗಟ್ಟಲೆ ಕೊಳ್ಳುತ್ತಿರುವುದು ಅದಕ್ಕೆ ಮುಖ್ಯ ಕಾರಣ. ನಮ್ಮ 3,100ರ ರ‍್ಯಾಮ್ ಆ ಬೆಲೆಗೆ ಸಿಗುತ್ತದೆಂದು ನಂಬಿ ಹೋಗಬೇಡಿ, ಆ ವಾರದ ದರ ಬರೆದುಕೊಳ್ಳಿ. ಮನೆಯಲ್ಲಿ ಕೆಟ್ಟು ಕೂತ ಡೆಸ್ಕ್‌ಟಾಪ್ ಇದ್ದು, ಅದರಲ್ಲಿ ಡಿಡಿಆರ್4 ಪಟ್ಟಿಗಳಿದ್ದರೆ ಗುಜರಿಗೆ ಹಾಕುವ ಮೊದಲು ಬಿಚ್ಚಿಟ್ಟುಕೊಳ್ಳಿ.

ಐವತ್ತು ಸಾವಿರ ಇಲ್ಲದವರೇ ಹೆಚ್ಚು, ನನಗೆ ಗೊತ್ತು. ಅವರಿಗೆ ರೈಜನ್ 5 5600ಜಿ ಎಂಬ ಪ್ರೊಸೆಸರ್ ಇದೆ. ಹೆಸರಿನ ಕೊನೆಯ ‘ಜಿ’ ಎಂದರೆ ಗ್ರಾಫಿಕ್ಸ್ ಒಳಗೇ ಇದೆ ಎಂದು. ಕಾರ್ಡಿನ ಇಪ್ಪತ್ತು ಸಾವಿರ ಅಲ್ಲೇ ಉಳಿಯಿತು. ಮೈನ್‌ಕ್ರಾಫ್ಟ್, ವ್ಯಾಲರೆಂಟ್‌ನಂಥ ಹಗುರ ಆಟಗಳು ಚೆನ್ನಾಗಿಯೇ ಓಡುತ್ತವೆ. ರ‍್ಯಾಮ್ ಮಾತ್ರ ಎರಡು ಪಟ್ಟಿಯೇ ಇರಲಿ, ಇಲ್ಲಿ ಗ್ರಾಫಿಕ್ಸಿಗೂ ಅದೇ ಮೇಜು. ಎಸ್‌ಎಂಪಿಎಸ್ ಒಳ್ಳೆಯದೇ ಇರಲಿ, ಮುಂದೊಂದು ದಿನ ಕಾರ್ಡ್ ಬರಬಹುದು.

ಹಳೆಯ ಆಫೀಸ್ ಕಂಪ್ಯೂಟರಿಗೇ ಕಾರ್ಡ್ ಸೇರಿಸಬೇಕೆನ್ನುವವರು ಮೊದಲು ಅದರ ಪಕ್ಕೆ ಬಿಚ್ಚಿ. ಎಸ್‌ಎಂಪಿಎಸ್ ಚೀಟಿಯ 12 ವೋಲ್ಟ್ ಸಾಲನ್ನು ಗುಣಿಸಿ ಬರೆದುಕೊಳ್ಳಿ. ಕಾರ್ಡಿಗೆ ಬೇಕಾದ ಆರು ಅಥವಾ ಎಂಟು ಪಿನ್ನಿನ ವೈರು ಅದರಿಂದ ಹೊರಟಿದೆಯೇ ನೋಡಿ. ಹಾರ್ಡ್ ಡಿಸ್ಕ್ ತಿರುಗುವ ಜಾತಿಯದಾದರೆ ಮೊದಲು ಒಂದು ಎಸ್‌ಎಸ್‌ಡಿ ಹಾಕಿ, ಅರ್ಧ ದೂರು ಅಲ್ಲೇ ನಿಲ್ಲುತ್ತದೆ. ಕಾರ್ಡಿನ ಉದ್ದ ಅದರ ಡಬ್ಬದ ಮೇಲೋ ಕಂಪನಿಯ ವಿವರಣೆಯಲ್ಲೋ ಮಿಲಿಮೀಟರಿನಲ್ಲಿ ಇರುತ್ತದೆ. ಮಕ್ಕಳೇ, ಜಾಮೆಟ್ರಿ ಬಾಕ್ಸಿನ ಸ್ಕೇಲನ್ನು ಪೆಟ್ಟಿಗೆಯೊಳಗೆ ಇಟ್ಟು, ಹಿಂಬದಿಯ ತಗಡಿನಿಂದ ಎದುರಿನ ಅಡ್ಡಪಟ್ಟಿಯವರೆಗೆ ಅಳೆದುಕೊಂಡೇ ಅಂಗಡಿಗೆ ಹೊರಡಿ.